ಕರಾಲ್‌ನ ವಯಸ್ಸು ಹೇಳಿದ ಹುಲ್ಲಿನ ಚೀಲ

ಬರೀ ಕಲ್ಲನ್ನು ಕೊಟ್ಟು ಅದನ್ನು ಗೋಡೆಗೆ ಯಾವಾಗ ಇಟ್ಟರು ಅಂತ ಕೇಳಿದರೆ ವಸ್ತುವಿನೊಳಗಿನ ಇಂಗಾಲ ನೋಡಿ ವಯಸ್ಸು ಹೇಳುವ ರೇಡಿಯೊಕಾರ್ಬನ್ ಲ್ಯಾಬಿನವರು ಕೈಚೆಲ್ಲುತ್ತಾರೆ. ಅವರಿಗೆ ಬೇಕಾದದ್ದು ಒಂದು ಕಾಲದಲ್ಲಿ ಜೀವವಿದ್ದ ವಸ್ತು. ಪೆರು ದೇಶದ ಕರಾಲ್‌ನಲ್ಲಿ ಅದು ಸಿಕ್ಕಿದ್ದು ಹುಲ್ಲಿನ ಚೀಲದ ರೂಪದಲ್ಲಿ.

ಕರಾಲ್ ಇರುವುದು ರಾಜಧಾನಿ ಲಿಮಾದ ಉತ್ತರಕ್ಕೆ, ಸೂಪೆ ನದಿಯ ಕಣಿವೆಯಲ್ಲಿ. ಸುತ್ತ ಮರುಭೂಮಿ. ಅದರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಎದ್ದ ಆರು ದೊಡ್ಡ ಪಿರಮಿಡ್ಡುಗಳು, ಅವುಗಳಲ್ಲಿ ದೊಡ್ಡದು ಸುಮಾರು 18 ಮೀಟರ್ ಎತ್ತರ. ಇವು ಕಣ್ಣೆದುರಿಗೇ ಇದ್ದರೂ ಹೆಚ್ಚಿನವರು ತಲೆಕೆಡಿಸಿಕೊಂಡಿರಲಿಲ್ಲ. 1990ರ ದಶಕದಲ್ಲಿ ಪುರಾತತ್ವಜ್ಞೆ ರುತ್ ಶಾಡಿ ಅಗೆಯಲು ಶುರುಮಾಡಿದಾಗ ಒಂದು ಕೊರತೆ ಎದ್ದು ಕಂಡಿತು. ಅಷ್ಟು ದೊಡ್ಡ ಊರಿನಲ್ಲಿ ಮಡಕೆಯೇ ಇಲ್ಲ! ಹಳೇ ಊರಿನ ಕಾಲ ಅಂದಾಜು ಮಾಡಲು ಪುರಾತತ್ವದವರು ಮೊದಲು ನೋಡುವುದೇ ಮಡಕೆ ಚೂರು. ಶಾಸನವೂ ಇಲ್ಲ, ನಾಣ್ಯವೂ ಇಲ್ಲ.

ಇದ್ದದ್ದು ಶಿಕ್ರಾ. ಜೊಂಡಿನಂಥ ಹುಲ್ಲನ್ನು ಹೊಸೆದು ಬಲೆಯ ಹಾಗೆ ಹೆಣೆದ ಚೀಲ ಇದು. ಕೆಲಸಗಾರರು ಇದರಲ್ಲಿ ಕಲ್ಲು ತುಂಬಿ ತಂದು, ಕಲ್ಲು ಸುರಿಯುವ ಗೋಜಿಗೆ ಹೋಗದೆ ಚೀಲದ ಸಮೇತ ಕಟ್ಟಡದ ಹೊಟ್ಟೆಯೊಳಗೆ ಇಟ್ಟುಬಿಡುತ್ತಿದ್ದರು. ಮಳೆ ಇಲ್ಲದ ನಾಡು, ಹಾಗಾಗಿ ಹುಲ್ಲು ಕೊಳೆಯಲಿಲ್ಲ.

ಗಿಡ ಬದುಕಿರುವಷ್ಟು ದಿನ ಗಾಳಿಯಿಂದ ಇಂಗಾಲ ಹೀರುತ್ತದೆ. ಅದರಲ್ಲಿ ಲಕ್ಷ ಕೋಟಿ ಪರಮಾಣುಗಳಿಗೆ ಒಂದರಂತೆ ಕಾರ್ಬನ್-14 ಅನ್ನುವ, ತಾನಾಗಿಯೇ ನಿಧಾನಕ್ಕೆ ಕ್ಷಯಿಸುವ ಬಗೆಯ ಇಂಗಾಲ ಇರುತ್ತದೆ. ಹುಲ್ಲು ಕೊಯ್ದ ಕೂಡಲೇ ಹೊಸ ಜಮೆ ನಿಂತಿತು, ಇದ್ದದ್ದು ಕರಗುತ್ತಾ ಹೋಗುತ್ತದೆ. 5,730 ವರ್ಷಕ್ಕೆ ಅರ್ಧ. 4,600 ವರ್ಷ ಹಳೆಯ ಹುಲ್ಲಿನಲ್ಲಿ ಸುಮಾರು 57 ಶೇಕಡ ಉಳಿದಿರುತ್ತದೆ. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಲರ್ಡ್ ಲಿಬ್ಬಿ 1940ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟ ಈ ವಿಧಾನಕ್ಕೆ 1960ರಲ್ಲಿ ನೊಬೆಲ್ ಬಂತು.

ಲೆಕ್ಕ ಸುಲಭ ಅನಿಸುತ್ತದೆ, ಅಲ್ವಾ? ಕಷ್ಟ ಇರುವುದು ಯಾವ ಚೂರನ್ನು ಲ್ಯಾಬಿಗೆ ಕಳಿಸಬೇಕು ಅನ್ನುವುದರಲ್ಲಿ. ಮರದ ತೊಲೆ ಸಿಕ್ಕಿತು ಅನ್ನಿ. ಮರದ ಒಳಗಿನ ಉಂಗುರ ಬೆಳೆದು ನಿಂತದ್ದು ಮರ ಕಡಿಯುವುದಕ್ಕೆ ಎಷ್ಟೋ ವರ್ಷ ಮೊದಲು. ಒಣ ನಾಡಿನಲ್ಲಿ ಅಜ್ಜನ ಮನೆಯ ತೊಲೆಯನ್ನು ಮೊಮ್ಮಗ ಕಿತ್ತು ತಂದು ಬಳಸುವುದೂ ಉಂಟು. ಆಗ ಲ್ಯಾಬ್ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದರೆ ಅದು ಮರದ ವಯಸ್ಸು, ಕಟ್ಟಡದ್ದಲ್ಲ. ಕರಾಲ್‌ನಲ್ಲಿ ಮೀನಿನ ಮೂಳೆಯೂ ಬೇಕಾದಷ್ಟಿದೆ. ಅದು ಇನ್ನೂ ಮೋಸ. ಪೆರುವಿನ ಕರಾವಳಿಯಲ್ಲಿ ಆಳದ ನೀರು ಮೇಲಕ್ಕೆ ಉಕ್ಕುತ್ತದೆ, ಜೊತೆಗೆ ಹಳೇ ಇಂಗಾಲವನ್ನೂ ತರುತ್ತದೆ. ಅದನ್ನು ತಿಂದು ಬೆಳೆದ ಮೀನು ನಿಜಕ್ಕಿಂತ ನೂರಾರು ವರ್ಷ ಮುದಿಯಾಗಿ ಕಾಣುತ್ತದೆ.

ಹುಲ್ಲಿಗೆ ಈ ರಗಳೆ ಇಲ್ಲ. ಕೊಯ್ದು, ಹೆಣೆದು, ಸ್ವಲ್ಪ ದಿನ ಬಳಸಿ ಎಸೆಯುವ ವಸ್ತು. ಹಾಗಾಗಿ ಅದರ ವಯಸ್ಸೇ ಹೆಚ್ಚುಕಡಿಮೆ ಕಟ್ಟಡದ ವಯಸ್ಸು.

ಶಾಡಿ ಮತ್ತು ಅಮೆರಿಕದ ಪುರಾತತ್ವಜ್ಞರಾದ ಜೊನಾಥನ್ ಹಾಸ್, ವಿನಿಫ್ರೆಡ್ ಕ್ರೀಮರ್ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ರಿ.ಪೂ. 2627! ಈಜಿಪ್ಟಿನಲ್ಲಿ ಪಿರಮಿಡ್ ಏಳುತ್ತಿದ್ದ, ಸಿಂಧೂ ಕಣಿವೆಯಲ್ಲಿ ನಗರಗಳು ಬೆಳೆಯುತ್ತಿದ್ದ ಕಾಲ. ಅಮೆರಿಕ ಖಂಡದಲ್ಲಿ ಇಷ್ಟು ಹಳೆಯ ದೊಡ್ಡ ಊರು ಇರಬಹುದು ಅಂತ ಹೆಚ್ಚಿನವರು ಎಣಿಸಿರಲಿಲ್ಲ.

ಆದರೆ ಆ 2627 ಅನ್ನೋ ಸಂಖ್ಯೆಯನ್ನು ನನಗೆ ಅಷ್ಟು ಖಡಕ್ಕಾಗಿ ಹೇಳಲು ಇಷ್ಟವಿಲ್ಲ. ಗಾಳಿಯಲ್ಲಿನ ಕಾರ್ಬನ್-14 ಎಲ್ಲ ಕಾಲಕ್ಕೂ ಒಂದೇ ಸಮ ಇರಲಿಲ್ಲ. ಮರದ ಉಂಗುರಗಳ ಲೆಕ್ಕ ಹಿಡಿದು ಲ್ಯಾಬಿನ ಸಂಖ್ಯೆಯನ್ನು ತಿದ್ದಬೇಕು, ದಕ್ಷಿಣ ಗೋಳಾರ್ಧಕ್ಕೆ ಬೇರೆಯೇ ತಿದ್ದುಪಡಿ. ಇಷ್ಟೆಲ್ಲ ಆದಮೇಲೆ ಕೈಗೆ ಬರುವುದು ಒಂದು ಇಸವಿಯಲ್ಲ, 'ಇಷ್ಟರಿಂದ ಇಷ್ಟರೊಳಗೆ' ಅನ್ನುವ ಅಂತರ. ಒಂದೇ ಚೂರನ್ನು ನಂಬಿ ಕೂರದೆ ಹತ್ತಾರು ಚೂರು ಪರೀಕ್ಷಿಸುವುದು ಅದಕ್ಕೇ. ಹಾಸ್ ಮತ್ತು ಕ್ರೀಮರ್ 2004ರಲ್ಲಿ ಪಕ್ಕದ ಕಣಿವೆಗಳಿಂದ ಹೊಸದಾಗಿ 95 ಕಾಲಮಾನಗಳನ್ನು ಹೊರತಂದರು. ಅವುಗಳಿಂದ, ಕರಾಲ್ ಒಂಟಿ ಊರಲ್ಲ, ಅಲ್ಲಿನ ಕಣಿವೆಗಳಲ್ಲಿ ಸುಮಾರು ಕ್ರಿ.ಪೂ. 3000ದಿಂದಲೇ ಇಂಥ ದೊಡ್ಡ ಕಟ್ಟಡಗಳು ಏಳುತ್ತಿದ್ದವು ಅಂತ ತಿಳಿಯಿತು.