ಕೀಬೋರ್ಡಿನ ರಬ್ಬರ್ ಡೋಮಿಗೆ ಯಾವ ಗ್ರೀಸ್ ಹೊಂದುತ್ತದೆ?

ಕನ್ನಡ ಟೈಪ್ ಮಾಡುವ ಕೀಬೋರ್ಡಿನಲ್ಲಿ ಹೆಚ್ಚು ಪೆಟ್ಟು ತಿನ್ನುವ ಕೀಲಿಗಳಲ್ಲಿ ಶಿಫ್ಟ್ ಮತ್ತು ಎಫ್ ಮುಖ್ಯವಾದವು. ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ದೀರ್ಘಸ್ವರಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಒತ್ತಬೇಕು, ಒತ್ತಕ್ಷರಕ್ಕೆ ಎಫ್ ಒತ್ತಬೇಕು. ಶಿಫ್ಟ್ ಅಗಲದ ಕೀಲಿ. ಕಿರುಬೆರಳು ಅದರ ಒಂದು ತುದಿಯನ್ನು ಒತ್ತಿದಾಗ ಅದು ಓರೆಯಾಗಿ ಇಳಿಯುತ್ತದೆ, ಅಡಿಯ ಪ್ಲಾಸ್ಟಿಕ್ ಕಾಲು ಗೂಡಿನ ಗೋಡೆಗೆ ಉಜ್ಜುತ್ತದೆ. ಮಂಗಳೂರು, ಉಡುಪಿಯಂಥ ಊರುಗಳಲ್ಲಿ ಉಪ್ಪುಗಾಳಿಯ ಕಾಟ ಬೇರೆ: ಕೀಲಿಯನ್ನು ಸಮತೋಲದಲ್ಲಿಡುವ ಉಕ್ಕಿನ ತಂತಿಗೆ ತುಕ್ಕು ಹಿಡಿದು ಕಿರುಗುಟ್ಟಲು ಶುರುವಾಗುತ್ತದೆ.

ಆಗ ಥಟ್ಟನೆ ಕೈಗೆ ಸಿಗುವುದು ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಇಲ್ಲವೇ ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40. ಮೂರೂ ಬೇಡ. ತೆಂಗಿನೆಣ್ಣೆ ಗಾಳಿಗೆ ಹಳಸಿ ಆಮ್ಲಗುಣ ಪಡೆಯುತ್ತದೆ, ಧೂಳನ್ನು ಹಿಡಿದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಪೆಟ್ರೋಲಿಯಂ ಮೂಲದ್ದು, ತೆಳುವಾಗಿ ಎಲ್ಲೆಡೆ ಹರಿಯುತ್ತದೆ. ಡಬ್ಲ್ಯೂಡಿ-40ರಲ್ಲಿ ಬಹುಪಾಲು ದ್ರಾವಕವೇ ಇರುತ್ತದೆ. ಕೀಬೋರ್ಡಿನ ಎಬಿಎಸ್ ಪ್ಲಾಸ್ಟಿಕ್ ಒತ್ತಡದಲ್ಲಿರುವ ಕಡೆ, ಅಂದರೆ ಸ್ಕ್ರೂ ಸುತ್ತ ಮತ್ತು ಕೊಕ್ಕೆಗಳಲ್ಲಿ, ಇಂಥ ದ್ರಾವಕಗಳಿಂದ ಕೂದಲೆಳೆಯಂಥ ಬಿರುಕು ಮೂಡಬಹುದು.

ಇದಕ್ಕಿಂತ ಹೆಚ್ಚು ಜನ ಎಡವುವುದು ಸಿಲಿಕೋನ್ ಸ್ಪ್ರೇಯಲ್ಲಿ. 'ರಬ್ಬರಿಗೆ ಸುರಕ್ಷಿತ' ಎಂಬ ಮಾತು ಬಾಗಿಲಿನ ಇಪಿಡಿಎಂ ಎಂಬ ಕೃತಕ ರಬ್ಬರಿನ ಪಟ್ಟಿಗೆ, ನೈಸರ್ಗಿಕ ರಬ್ಬರಿಗೆ ನಿಜ. ಆದರೆ ಬಹಳಷ್ಟು ಕೀಬೋರ್ಡುಗಳ ಡೋಮ್ ಹಾಳೆ, ಅಂದರೆ ಪ್ರತಿ ಕೀಲಿಯ ಅಡಿಗೂ ಗುಮ್ಮಟದಂಥ ಉಬ್ಬು (ಡೋಮ್) ಇರುವ ಹಾಳೆ, ಸಿಲಿಕೋನ್ ರಬ್ಬರಿನದು. ರಬ್ಬರ್ ಎಂದರೆ ಉದ್ದನೆಯ ಅಣುಸರಪಳಿಗಳ ಬಲೆ. ತನ್ನದೇ ರಸಾಯನದ ಎಣ್ಣೆ ತಾಗಿದರೆ ಅದನ್ನು ಒಳಗೆಳೆದುಕೊಂಡು ಉಬ್ಬುತ್ತದೆ, ಉಬ್ಬಿದಂತೆ ಮೆತ್ತಗಾಗುತ್ತದೆ. ಕೀಲಿ ಒತ್ತಿದಾಗ ಬೆರಳಿಗೆ ಸಿಗುವ 'ಟಕ್' ಅನುಭವ ಡೋಮಿನ ತೆಳು ಗೋಡೆ ಒಮ್ಮೆಲೇ ಮಡಚುವುದರಿಂದ ಬರುವಂಥದ್ದು. ಗೋಡೆ ಮೆತ್ತಗಾದರೆ ಆ ಟಕ್ ಹೋಗುತ್ತದೆ, ಕೀಲಿ ನಿಧಾನವಾಗಿ ಮೇಲೇಳುತ್ತದೆ. ಸಿಲಿಕೋನ್ ಎಣ್ಣೆಯ ಮೇಲ್ಮೈ ಎಳೆತ ತೀರಾ ಕಡಿಮೆ, ನೀರಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಒಂದು ಮೂಲೆಗೆ ಹಚ್ಚಿದ್ದು ಅಲ್ಲೇ ನಿಲ್ಲದೆ ಡೋಮಿನವರೆಗೂ ತೆವಳುತ್ತದೆ.

ಡೋಮ್ ಯಾವ ರಬ್ಬರಿನದು ಎಂದು ತಿಳಿಯಲು ಹಾಳೆಯ ಅಂಚಿನಿಂದ 2 ಮಿ.ಮೀ. ಚೂರು ಕತ್ತರಿಸಿ, ಚಿಮಟದಲ್ಲಿ ಹಿಡಿದು ಬಯಲಿನಲ್ಲಿ ಸುಡಿ. ಬಿಳಿ ಬೂದಿ ಉಳಿದರೆ ಸಿಲಿಕೋನ್. ಕಪ್ಪು ಮಸಿ ಬಂದು ಅಂಟಂಟಾದರೆ ಬೇರೆ ರಬ್ಬರ್.

ಯಾವ ರಬ್ಬರಾದರೂ ಹೊಂದುವುದು ಪಿಎಫ್‌ಪಿಇ ಎಂಬ ಫ್ಲೋರಿನ್ ಇರುವ ಎಣ್ಣೆಗೆ ಟೆಫ್ಲಾನ್ ಪುಡಿ ಬೆರೆಸಿದ ಗ್ರೀಸ್. ಕ್ರೈಟಾಕ್ಸ್ ಬ್ರಾಂಡಿನ 205ರ ಗ್ರೇಡ್ 0 ಈ ಬಗೆಯದು. ಇದರ ರಸಾಯನ ಸಿಲಿಕೋನಿಗೂ ಬೇರೆ, ಹೈಡ್ರೋಕಾರ್ಬನ್ನಿಗೂ ಬೇರೆ; ಆದ್ದರಿಂದ ಯಾವ ಬಲೆಯೊಳಗೂ ಸುಲಭಕ್ಕೆ ನುಸುಳುವುದಿಲ್ಲ. ಬೆಲೆ ಜಾಸ್ತಿ, ಆದರೆ ಬೇಕಾಗುವುದು ತೀರಾ ಸ್ವಲ್ಪ: ಕೀಲಿಗೆ 5 ಮಿಲಿಗ್ರಾಂ ಎಂದರೂ 104 ಕೀಲಿಗಳಿಗೆ ಅರ್ಧ ಗ್ರಾಂ ಸಾಕು. ಸಾಬೂನಿಗಾಗಲಿ ಸ್ಪಿರಿಟ್ಟಿಗಾಗಲಿ ಇದು ಕರಗದು, ಹೆಚ್ಚಾದರೆ ಒಣ ಹತ್ತಿಯಿಂದ ಒರೆಸಿಯೇ ತೆಗೆಯಬೇಕು. ಅತಿಯಾಗಿ ಕಾಯಿಸಿದರೆ ವಿಷಾನಿಲ ಬಿಡುವ ವಸ್ತುವಾದ್ದರಿಂದ, ಹಚ್ಚಿದ ಕೈಯಲ್ಲಿ ಬೀಡಿ, ಸಿಗರೇಟು ಮುಟ್ಟಲೇಬಾರದು. ಗ್ರಾಫೈಟ್ ಪುಡಿಯ ಯೋಚನೆಯೂ ಬೇಡ. ಅದು ವಿದ್ಯುತ್ ವಾಹಕ, ಡೋಮ್ ಹಾಳೆಯ ಕೆಳಗಿರುವ, ವಿದ್ಯುತ್ ಗೆರೆಗಳ ಮೆಂಬ್ರೇನಿನ ಪದರಗಳ ನಡುವೆ ಸೇರಿದರೆ ಒತ್ತದ ಅಕ್ಷರಗಳೂ ಮೂಡಬಹುದು.

ಹೆಸರಿಲ್ಲದ ಡಬ್ಬಿಯ ಗ್ರೀಸ್ ಸಿಕ್ಕಿದ್ದರೆ ಮೊದಲು ಪರೀಕ್ಷೆ ಮಾಡಿ. ಡೋಮ್ ಹಾಳೆಯಂಚಿನ 20 ಮಿ.ಮೀ. ಪಟ್ಟಿಯನ್ನು ಅದರಲ್ಲಿ 48 ಗಂಟೆ ಮುಳುಗಿಸಿಟ್ಟು, ಒರೆಸಿ ಅಳೆಯಿರಿ. 21 ಮಿ.ಮೀ. ಆಗಿದ್ದರೆ ಉದ್ದ ಹೆಚ್ಚಿದ್ದು 5 ಶೇಕಡಾ ಮಾತ್ರ ಎಂದು ಸಮಾಧಾನಪಡಬೇಡಿ. ಗಾತ್ರ ಸುಮಾರು 16 ಶೇಕಡಾ ಉಬ್ಬಿದೆ. ಆ ಗ್ರೀಸ್ ಬೇಡ.

ಬಿಚ್ಚುವಾಗ ಒಂದು ಸ್ಕ್ರೂ ಲೇಬಲ್ಲಿನ ಕೆಳಗೆ ಅಡಗಿರಬಹುದು, ನೋಡಿಕೊಳ್ಳಿ. ಡೋಮ್ ಹಾಳೆ, ಕೀಲಿಗಳನ್ನು ಸಾಬೂನು ನೀರಲ್ಲಿ ತೊಳೆಯಬಹುದು. ಮೆಂಬ್ರೇನನ್ನು ಮಾತ್ರ ನೆನೆಸಬಾರದು, ಪದರಗಳ ನಡುವೆ ನೀರು ಹೊಕ್ಕರೆ ಬೆಳ್ಳಿ ಶಾಯಿಯ ಗೆರೆಗಳು ಕಪ್ಪಾಗಿ ಹಾಳಾಗಿ ಸಂಪರ್ಕ ತಪ್ಪುತ್ತದೆ. ಮಳೆಗಾಲದಲ್ಲಿ ತೊಳೆದದ್ದು ತಾನಾಗಿ ಒಣಗುವುದಿಲ್ಲ. ಒಂದು ದಿನ ಫ್ಯಾನಿನಡಿ ಇಟ್ಟು, ಆಮೇಲೆ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಬಿಡಿ. ಸಾಧ್ಯವಾದರೆ ಇಡೀ ಕೆಲಸವನ್ನೇ ಡಿಸೆಂಬರ್-ಜನವರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಗ್ರೀಸ್ ಹಚ್ಚುವುದು ಚಿತ್ರ ಬರೆಯುವ ಸೊನ್ನೆ ನಂಬರ್ ಬ್ರಷ್ಷಿನಲ್ಲಿ, ಕೀಲಿಯ ಕಾಲಿನ ಹೊರಮೈಗೆ, ಹೊಳಪಷ್ಟೇ ಕಾಣುವಂತೆ. ಬಿಳಿಯಾಗಿ ಕಂಡರೆ ಹೆಚ್ಚಾಯಿತು. ಕಾಲಿನ ತುದಿ ಡೋಮಿನ ನೆತ್ತಿಯ ಮೇಲೆ ಕೂರುತ್ತದೆ, ಆದ್ದರಿಂದ ಕೊನೆಯ 2 ಮಿ.ಮೀ. ಒಣಗಿಯೇ ಇರಲಿ. ಶಿಫ್ಟ್, ಎಂಟರ್, ಸ್ಪೇಸ್ ಬಾರುಗಳ ತಂತಿಯ ತುಕ್ಕನ್ನು ಸಣ್ಣ ಮರಳುಕಾಗದದಿಂದ ಉಜ್ಜಿ, ತುದಿಗಳು ಕೊಕ್ಕೆಯಲ್ಲಿ ಕೂರುವ ಜಾಗಕ್ಕೆ ಇನ್ನು ಸ್ವಲ್ಪ ಹೆಚ್ಚೇ ಹಚ್ಚಿ. ಅನೇಕ ಕೀಬೋರ್ಡುಗಳಲ್ಲಿ ಇಷ್ಟರಿಂದಲೇ ಕಿರುಗುಟ್ಟುವುದು ನಿಲ್ಲುತ್ತದೆ. ನಿಂತರೆ ಉಳಿದ ಕೀಲಿಗಳಿಗೆ ಗ್ರೀಸ್ ಮುಟ್ಟಿಸುವ ಅಗತ್ಯವೇ ಇಲ್ಲ.