‘ಕ್ಲೋಸ್ಡ್ ಡಿಸ್ಟಿಲರಿ’ ಸಿಂಗಲ್ ಮಾಲ್ಟ್ ಅಂದರೇನು?

ವಿಸ್ಕಿ ಹರಾಜಿನ ಪಟ್ಟಿಗಳಲ್ಲಿ ‘ಕ್ಲೋಸ್ಡ್ ಡಿಸ್ಟಿಲರಿ’ ಎಂಬ ಮಾತು ಆಗಾಗ ಕಾಣುತ್ತದೆ. ಪಕ್ಕದಲ್ಲೇ ಹುಬ್ಬೇರಿಸುವ ಬೆಲೆಯೂ ಇರುತ್ತದೆ. ಆ ವಿಸ್ಕಿಯನ್ನು ಭಟ್ಟಿ ಇಳಿಸಿದ ಡಿಸ್ಟಿಲರಿ ಬಾಗಿಲು ಹಾಕಿದೆ, ಮುಚ್ಚುವ ಮೊದಲು ಪೀಪಾಯಿಗೆ ತುಂಬಿಟ್ಟಿದ್ದಷ್ಟೇ ಉಳಿದಿದೆ ಎಂದು ಇದರ ಅರ್ಥ. ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ್ದು. ಆ ಜಾಗವೇ ನಿಂತುಹೋದರೆ ಇನ್ನೊಬ್ಬರು ಅದನ್ನು ಮಾಡಿಕೊಡಲು ಆಗುವುದಿಲ್ಲ, ಅಲ್ವಾ?

ಈ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಪೋರ್ಟ್ ಎಲೆನ್. ಸ್ಕಾಟ್ಲೆಂಡಿನ ಐಲಾ ದ್ವೀಪದ ದಕ್ಷಿಣ ತೀರದಲ್ಲಿ 1825ರಲ್ಲಿ ಶುರುವಾದದ್ದು. 1980ರ ದಶಕ ಶುರುವಾಗುವ ಹೊತ್ತಿಗೆ ಸ್ಕಾಟ್ಲೆಂಡಿನ ಗೋದಾಮುಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ವಿಸ್ಕಿ ತುಂಬಿಕೊಂಡಿತ್ತು, ಬೇಡಿಕೆ ಬಿದ್ದುಹೋಗಿತ್ತು. ಮಾಲೀಕ ಕಂಪನಿಗೆ ಐಲಾದಲ್ಲೇ ಲಗವುಲಿನ್, ಕಾಲ್ ಈಲಾ ಎಂಬ ಇನ್ನೆರಡು ಡಿಸ್ಟಿಲರಿಗಳಿದ್ದವು. ಬೀಗ ಬಿದ್ದದ್ದು ಪೋರ್ಟ್ ಎಲೆನ್‌ಗೆ. ಅದು 1983. ಅದೇ ವರ್ಷ ಸ್ಕಾಟ್ಲೆಂಡಿನ ಉತ್ತರದಲ್ಲಿದ್ದ ಬ್ರೋರಾ ಕೂಡ ಮುಚ್ಚಿತು.

ಪೋರ್ಟ್ ಎಲೆನ್ ವಿಸ್ಕಿ ಅಪರೂಪದ್ದಾಗಲಿ ಅಂತ ಯಾರೂ ಮಾಡಿದ್ದಲ್ಲ. ಅದು ಬಹುಪಾಲು ಬ್ಲೆಂಡ್‌ಗಳಿಗೆ, ಅಂದರೆ ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿ ಮಾಡುವ ವಿಸ್ಕಿಗಳಿಗೆ, ಹೋಗುವ ಮಾಲಾಗಿತ್ತು. ಎಷ್ಟೋ ಸಲ ತುಂಬಿಸಿದ್ದು ಮೊದಲೇ ಬಳಸಿ ಸತ್ವ ಇಳಿದಿದ್ದ ಪೀಪಾಯಿಗಳಿಗೆ. ಅದೇ ಒಳ್ಳೆಯದಾಯಿತು. ಹೊಸ ಮರ ದಶಕಗಳಲ್ಲಿ ವಿಸ್ಕಿಯನ್ನು ಒಗರು ಮಾಡಿಬಿಡುತ್ತದೆ. ಹಳೆಯ ಮರ ಅಷ್ಟಾಗಿ ಮೇಲೆ ಬೀಳುವುದಿಲ್ಲ. ಹಾಗಾಗಿ ಬಾರ್ಲಿಯನ್ನು ಪೀಟ್ (ಜೌಗು ನೆಲದಿಂದ ಅಗೆದು ಉರಿಸುವ, ಅರೆ ಕೊಳೆತ ಸಸ್ಯಗಳ ಮಣ್ಣು) ಹೊಗೆಯಲ್ಲಿ ಒಣಗಿಸಿದ್ದರಿಂದ ಬಂದ ಆ ಘಮ ಇಷ್ಟು ವರ್ಷಗಳ ನಂತರವೂ ಉಳಿಯಿತು. ನನ್ನ ಪ್ರಕಾರ ಪೋರ್ಟ್ ಎಲೆನ್‌ನ ನಿಜವಾದ ಬೆಲೆ ಇಲ್ಲಿದೆ, ಸುಮ್ನೆ ವಯಸ್ಸಿನಲ್ಲಲ್ಲ.

ಇನ್ನು, ದಾಸ್ತಾನು ಕುಡಿದು ಮಾತ್ರ ಖಾಲಿಯಾಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯ ಮರದ ಮೂಲಕ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ. ಇದಕ್ಕೆ ‘ಏಂಜಲ್ಸ್ ಶೇರ್’ ಅನ್ನುತ್ತಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಈ ನಷ್ಟ ಶೇ. 10ರ ಆಸುಪಾಸು. ನಮ್ಮ ಹವೆಯಲ್ಲಿ 40 ವರ್ಷ ಕಾಯಿಸಲು ಹೋದರೆ ಪೀಪಾಯಿಯಲ್ಲಿ ಹೆಚ್ಚೇನೂ ಉಳಿಯದು. ಸ್ಕಾಟ್ಲೆಂಡಿನ ತಂಪಿನಲ್ಲಿ ನಿಧಾನವಾಗಿ ಮದ್ಯಸಾರವೂ ಇಳಿಯುತ್ತಾ ಹೋಗುತ್ತದೆ. ಅದು ಶೇ. 40ಕ್ಕಿಂತ ಕೆಳಗೆ ಬಂದರೆ ಕಾನೂನಿನ ಪ್ರಕಾರ ಸ್ಕಾಚ್ ಎಂದು ಮಾರುವಂತಿಲ್ಲ. ಅಂದರೆ ಎಷ್ಟು ಬೇಕೋ ಅಷ್ಟು ವರ್ಷ ಇಟ್ಟುಕೊಳ್ಳಲೂ ಆಗದು.

ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ತೆರೆದವು. ಈಗ ಇಳಿಸುತ್ತಿರುವುದು ಹೊಸ ವಿಸ್ಕಿ, ಹಳೆಯ ದಾಸ್ತಾನಿಗೆ ಅದರಿಂದ ಒಂದು ಹನಿಯೂ ಸೇರುವುದಿಲ್ಲ. ಆದ್ದರಿಂದ ಲೇಬಲ್ ಮೇಲೆ ಭಟ್ಟಿ ಇಳಿಸಿದ ವರ್ಷ, ಬಾಟಲಿಗೆ ತುಂಬಿದ ವರ್ಷ ಎರಡನ್ನೂ ನೋಡಬೇಕು. ಗಾಜಿನೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ. 1979ರಲ್ಲಿ ಇಳಿಸಿ 2001ರಲ್ಲಿ ಬಾಟಲಿಗೆ ತುಂಬಿದ ಪೋರ್ಟ್ ಎಲೆನ್ ಇವತ್ತಿಗೂ 22 ವರ್ಷದ್ದೇ.