ಹಳೆ ಪಂಚೆಯ ಒಂದು ಎಳೆ

ಹಳೆ ಪಂಚೆಯ ಹರಿದ ಅಂಚಿನಿಂದ ಒಂದು ನೂಲು ಎಳೆದು, ಅದರ ಹುರಿ ಬಿಚ್ಚುವ ದಿಕ್ಕಿಗೆ ಬೆರಳಲ್ಲಿ ಹೊಸೆಯಿರಿ. ನೂಲು ಪಟ್ಟನೆ ಕಡಿಯುವುದಿಲ್ಲ. ಮೆಲ್ಲಗೆ ಜಾರಿ ಎರಡಾಗುತ್ತದೆ. ತುದಿಯಲ್ಲಿ ಅರಳೆಯ ಸಣ್ಣ ಕುಚ್ಚು ಉಳಿಯುತ್ತದೆ. ಹಳೆ ಬಟ್ಟೆಯನ್ನು ಹೊಸ ಬಟ್ಟೆ ಮಾಡುವ ಕಷ್ಟವೆಲ್ಲ ಆ ಕುಚ್ಚಿನಲ್ಲಿದೆ.

ನೂಲಿನಲ್ಲಿ ಅಂಟೂ ಇಲ್ಲ, ಗಂಟೂ ಇಲ್ಲ. ಎರಡೂವರೆ, ಮೂರು ಸೆಂಟಿಮೀಟರ್ ಉದ್ದದ ಹತ್ತಿ ನಾರುಗಳು ಹುರಿಗೆ ಸಿಕ್ಕಿ ಒಂದರ ಮೈಗೊಂದು ಒತ್ತಿಕೊಳ್ಳುತ್ತವೆ, ಆ ಘರ್ಷಣೆಯೇ ನೂಲು. ತೆಂಗಿನ ನಾರಿನ ಹಗ್ಗವೂ ಹೀಗೆಯೇ: ಗೇಣುದ್ದದ ನಾರುಗಳು ಸೇರಿ ಆಳದ ಬಾವಿಯಿಂದ ತುಂಬಿದ ಕೊಡ ಎತ್ತುತ್ತವೆ. ಜಡೆ ಹೆಣೆದವರಿಗೂ ಇದು ಗೊತ್ತು, ಉದ್ದ ಕೂದಲು ಹೆಣಿಗೆಯಲ್ಲಿ ನಿಲ್ಲುತ್ತದೆ, ಗಿಡ್ಡ ಕೂದಲು ಜಾರಿ ಹೊರಚಾಚುತ್ತದೆ. ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32 ಎಂಬ ಹತ್ತಿ ತಳಿಗೆ ಬೆಲೆ ಬಂದದ್ದು ನಾರಿನ ಉದ್ದದಿಂದಲೇ.

ಹಳೆ ಬಟ್ಟೆಯನ್ನು ಹಿಂಜುವ ಯಂತ್ರದ ಉರುಳೆಯ ತುಂಬ ಮೊನಚು ಹಲ್ಲುಗಳು. ಚಿಂದಿಯನ್ನು ಅವು ಕಿತ್ತಾಡಿ ಅರಳೆ ಮಾಡುತ್ತವೆ ನಿಜ, ಆದರೆ ನಾರನ್ನೂ ತುಂಡರಿಸುತ್ತವೆ. ಗಿಡ್ಡ ನಾರಿನಿಂದ ದಪ್ಪ ನೂಲು ಬರುತ್ತದೆ, ಕಂಬಳಿ ಬರುತ್ತದೆ; ನಯವಾದ ಅಂಗಿ ಬರುವುದಿಲ್ಲ. ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ 1813ರಲ್ಲೇ ಉಣ್ಣೆಯ ಚಿಂದಿಯನ್ನು ಹೊಸ ಉಣ್ಣೆಯೊಂದಿಗೆ ಬೆರೆಸಿ ನೇಯಿಸಿದ. ಆ ಬಟ್ಟೆಗೆ 'ಶಾಡಿ' ಎಂಬ ಹೆಸರು ಬಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಕಳಪೆ ಶಾಡಿಯ ಸಮವಸ್ತ್ರಗಳು ಸೈನಿಕರ ಮೈಮೇಲೇ ಚಿಂದಿಯಾದವು. ಕಳಪೆ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಅದೇ ಪದ. ಪಾಪ, ತಪ್ಪು ಚಿಂದಿಯದಲ್ಲ, ನಾರಿನ ಉದ್ದ ನೋಡದೆ ನೇಯ್ದವರದು.

ಇಂದು ಈ ಕಸುಬಿನ ದೊಡ್ಡ ಊರು ಹರಿಯಾಣದ ಪಾಣಿಪತ್. ಅಲ್ಲಿ ಹೆಂಗಸರು ನೆಲದಲ್ಲಿ ಕೂತು ಗುಂಡಿ, ಜಿಪ್ಪು ಕತ್ತರಿಸಿ ತೆಗೆಯುತ್ತಾರೆ, ಬಟ್ಟೆಯನ್ನು ಬಣ್ಣಬಣ್ಣವಾಗಿ ಗುಡ್ಡೆ ಹಾಕುತ್ತಾರೆ. ಕೆಂಪು ಸ್ವೆಟರಿನಿಂದ ಕೆಂಪು ನೂಲೇ ಬರುವುದರಿಂದ ಮತ್ತೆ ಬಣ್ಣದ ತೊಟ್ಟಿಗೆ ಅದ್ದಬೇಕಿಲ್ಲ. ಎಷ್ಟು ನೀರು ಉಳಿಯಿತು! ಈ ಜಾಣ್ಮೆಗೆ ನಾವು ಇನ್ನೂ ತಕ್ಕ ಗೌರವ ಕೊಟ್ಟಿಲ್ಲ.

ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಟೀಶರ್ಟನ್ನು ಬಟ್ಟೆಯ ಮರುಬಳಕೆ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಅಲ್ಲಿ ಒಂದೇ ಒಂದು ಹಳೆ ಅಂಗಿಯೂ ಕರಗಲಿಲ್ಲ.

ಗಿಡ್ಡ ನಾರಿಗೆ ಇನ್ನೊಂದು ದಾರಿಯುಂಟು. ಹತ್ತಿಯೆಂದರೆ ಸೆಲ್ಯುಲೋಸ್, ಗಿಡಗಳ ನಾರು ಆಗಿರುವ ವಸ್ತು. ಅದನ್ನು ದ್ರಾವಕದಲ್ಲಿ ಕರಗಿಸಿ, ಶಾವಿಗೆ ಒತ್ತಿದಂತೆ ಸೂಕ್ಷ್ಮ ರಂಧ್ರಗಳಿಂದ ಹೊರಡಿಸಿದರೆ ಬೇಕಾದಷ್ಟು ಉದ್ದದ ಹೊಸ ನಾರು ಸಿಗುತ್ತದೆ. ಅಡ್ಡಿ ಬರುವುದು ಬೆರಕೆ. ಹತ್ತಿಯ ಜೊತೆ ಪಾಲಿಯೆಸ್ಟರ್, ಹಿಗ್ಗಲೆಂದು ಎಲಾಸ್ಟೇನ್ ಸೇರಿದರೆ ಅವನ್ನು ಬಿಡಿಸುವುದೇ ಒಂದು ಕೆಲಸ. ಯುರೋಪ್ ಒಕ್ಕೂಟದಲ್ಲಿ 2025ರ ಜನವರಿಯಿಂದ ಹಳೆ ಬಟ್ಟೆಯನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕು. ಒಳ್ಳೆಯದೇ, ಆದರೆ ಬಟ್ಟೆ ಹೊಲಿಯುವಾಗಲೇ ಒಂದೇ ಜಾತಿಯ ನಾರು ಬಳಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. 'ನೂರಕ್ಕೆ ನೂರು ಹತ್ತಿ' ಎಂಬ ಚೀಟಿಯಿರುವ ಅಂಗಿಯನ್ನೂ ಹೆಚ್ಚಾಗಿ ಹೊಲಿದಿರುವುದು ಪಾಲಿಯೆಸ್ಟರ್ ದಾರದಲ್ಲಿ. ಆ ದಾರವನ್ನೂ ಹತ್ತಿಯದೇ ಮಾಡಿ ಎಂದು ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕು.